ಹದಿನಾಲ್ಕು ಸೆಂಟು

ಧಾರವಾಡದ ಲ್ಯಾಬಿನ ಗೋಡೆಗೆಲ್ಲ ಮೊಟ್ಟೆಯ ಟ್ರೇ.
ಮುಂದಿನ ಸೆಮಿಸ್ಟರಿಗೆ ಫೋಮು ಬರುತ್ತದಂತೆ.
ಹೆಡ್‌ಫೋನಿನಲ್ಲಿ ಅಬ್ಬಾನ ಅಂಗಡಿ:
ಗದಗಿನ ಮಧ್ಯಾಹ್ನ, ತಿದಿಯ ಉಸಿರು,
ದುರಸ್ತಿಗೆ ಬಂದ ಪೆಟ್ಟಿಗೆಯ ಒಂದೇ ಗಾಂಧಾರ,
ನಡುವೆ ಯಾರೋ “ಬಾಬಾಜಾನ್, ಚಾ” ಅಂದದ್ದು.

ತೆರೆಯ ಮೇಲೆ ಹಸಿರು ಗೆರೆ,
ಅದರಿಂದ ತುಸು ಕೆಳಗೆ ಗಾಂಧಾರ.
ಹೊಂಬಳ ಸರ್ ಬಗ್ಗಿ ನೋಡಿದರು:
“ಹದಿನಾಲ್ಕು ಸೆಂಟ್ ಇಳದೈತಿ. ಗೆರಿಗೆ ಕೂಡ್ಸು, ದಿಲ್ಶಾದ.”
ಒಂದು ಕ್ಲಿಕ್ಕು. ಕೂತಿತು,
ಪಾಸ್‌ಪೋರ್ಟ್ ಫೋಟೋಕ್ಕೆ ಗದ್ದ ಎತ್ತಿಸಿದ ಹುಡುಗನ ಹಾಗೆ.

ಊಟದ ಬಿಡುವಿನಲ್ಲಿ ಫೋನು ಮಾಡಿದೆ.
“ಸೆಂಟು? ಯಾವ ಸೆಂಟು, ಅತ್ತರೇನು?”
ಅಲ್ಲ ಅಬ್ಬಾ, ಅಳತೆ. ಸ್ವರದ ಅಳತೆ.
ಆ ಕಡೆ ಅರ ನಿಂತಿತು.
“ನಾನೇ ಇಳಿಸೀನಿ. ಆ ಮಾಸ್ತರರ ಕೊರಳು ಅಲ್ಲೇ ನಿಲ್ಲತೈತಿ.
ಮೂರು ದಿನ ರೀಡಿನ ಬುಡ ಕೆರದೀನಿ.
ನಿಮ್ಮ ಗೆರಿ ಎಳದಾಂವ ಹಾಡ್ತಾನೇನು?”

ಮತ್ತೆ ಅರದ ಸದ್ದು.

ಕಂಟ್ರೋಲ್, ಜಡ್. ಗಾಂಧಾರ ತನ್ನ ಜಾಗಕ್ಕೆ ಇಳಿಯಿತು.
ಸರ್ ಅಂಕ ಕಳೆಯಬಹುದು.
ಹಬ್ಬದ ದಿನ ಅಬ್ಬಾ ಮಾಡುವಂತೆ
ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸಿಕೊಂಡು
ಹೊರಬಂದೆ. ಯಾರಿಗೂ ಕಾಣಲಿಲ್ಲ.