ಒಂದು ಚದರಡಿ ಲಾಯ

ಕುದುರೆ ಹದಿನೇಳು. ಅವಕ್ಕೆ ಜಾಗವುಂಟು:
ಟಿ.ವಿ.ಯ ಮೇಲೆ ಆರು, ಕಿಟಕಿಯ ಗ್ರಿಲ್ಲಿನಲ್ಲಿ ನಾಲ್ಕು,
ಉಳಿದವು ದೇವರ ಗೂಡಿನ ಪಕ್ಕ, ಬಸವಣ್ಣನಿಗೆ ಬೆನ್ನು ಮಾಡದಂತೆ.
ಜಾಗವಿಲ್ಲದ್ದು
ಇನ್ನೂ ಕುದುರೆಯಾಗದ ಸಾಮಾನಿಗೆ.

ಐದು ಕಿಲೋ ಪ್ಲಾಸ್ಟರು, ಮೇಣದ ಹಾಳೆ, ತಾಮ್ರದ ತಂತಿ,
ಬಾಲಕ್ಕೆಂದು ಎತ್ತಿಟ್ಟ, ಮಗಳು ದಾಕ್ಷಿಯ ಮೊದಲ ಬಾಬ್‌ಕಟ್ಟಿನ ಕೂದಲು,
ಜೀನಿಗೆ, ಸ್ಟೇಷನ್ನಿನ ಚಪ್ಪಲಿ ಹೊಲಿಯುವವನು ಕೊಟ್ಟ ಚರ್ಮದ ಚೂರು,
ಮತ್ತೆ ಗುಲಾಬಿ ಅಕ್ರಿಲಿಕ್ಕು, ಒಸಡಿನ ಬಣ್ಣದ್ದು,
ಗ್ರಾಂಟ್ ರೋಡಿನ ನಮ್ಮ ಲ್ಯಾಬಿನಿಂದ ಕೇಳಿಯೇ ತಂದದ್ದು.
ಹಗಲೆಲ್ಲ ಮುಂಬಯಿಯ ಬೊಚ್ಚುಬಾಯಿಗಳಿಗೆ ಹಲ್ಲು ಕಟ್ಟುತ್ತೇನೆ.
ಮಿಕ್ಕ ಒಸಡು ಕುದುರೆಯ ಮೂಗಿನ ಹೊಳ್ಳೆಗೆ.

ದಹಿಸರದಲ್ಲಿ ಮುನ್ನೂರ ಹತ್ತು ಚದರಡಿ, ನಾಲ್ಕು ಜನ.
ಗುರುಸಿದ್ಧ ಸ್ಲೈಡಿಂಗ್ ಕಿಟಕಿ ಕೂಡಿಸುವವ, ಜೇಬಿನಲ್ಲೇ ಟೇಪು.
ಚೀಲದ ಉದ್ದಗಲ ಅಳೆದ, ಗೋಡೆಯ ಮೇಲೇ ಲೆಕ್ಕ ಬರೆದ:
“ಒಂದು ಚದರಡಿ. ಈಗಿನ ರೇಟಿಗೆ ಹತ್ತೊಂಬತ್ತು ಸಾವಿರ.
ಇನ್ನೂರು ರೂಪಾಯಿ ಪ್ಲಾಸ್ಟರು ಹತ್ತೊಂಬತ್ತು ಸಾವಿರದ ಮ್ಯಾಲ ಕುಂತದ.”
“ನೀ ಮಲ್ಕೊಂಡ್ರ ಎರಡು ಲಕ್ಷ ಆಗತದ,” ಅಂದೆ, “ನಾ ಕೇಳೇನೇನು?”

ಅಟ್ಟದಲ್ಲಿ ಗಣಪತಿಯ ಥರ್ಮಾಕೋಲು, ಕೆಟ್ಟ ಕೂಲರು.
ಗೀಜರಿನ ಹಿಂದೆ ಇಟ್ಟ ಮೇಣ ಬಚ್ಚಲಿಗೆ ಹರಿದುಹೋಯಿತು.
ತೊಗರಿಬೇಳೆಯ ಡಬ್ಬಿಯಲ್ಲಿ ಎರಡು ದಿನ ಕ್ಷೇಮ,
ಮೂರನೆಯ ದಿನ ಸಾರಿನಲ್ಲಿ ಒಂದು ಗೊರಸು.
ಬಾಲ್ಕನಿಯಲ್ಲಿ ಇಟ್ಟ ಚೀಲ ಜುಲೈನ ತೇವ ಕುಡಿದು
ಇದ್ದಲ್ಲೇ ಕಲ್ಲಾಯಿತು.
ಒಳಗಿದ್ದ ಕುದುರೆಗಳನ್ನು ಯಾರೂ ನೋಡಲಿಲ್ಲ.

ಹೊಸ ಚೀಲ ಬಾಗಿಲ ಹಿಂದೆ.
ಕತ್ತಲಲ್ಲಿ ನೀರಿಗೆದ್ದವನ ಹೆಬ್ಬೆರಳು ಅದಕ್ಕೇ ತಾಗಬೇಕೆ.
ಒಂಟಿಗಾಲಲ್ಲಿ ನಿಂತು ಅಂದ:
“ಕುದುರಿ ಕಂಡ್ರ ಕಾಲುನೋವು ಅಂದವನ ಹೆಂಡತಿಗೂ
ಇದೇ ಚಟ ಇತ್ತು ಕಾಣತದ.”

ಬೆಳಿಗ್ಗೆ ಲೇಡೀಸ್ ಡಬ್ಬಿಯಲ್ಲಿ, ನಿಂತಲ್ಲೇ,
ಯಾರದೋ ಕಂಕುಳ ಸಂದಿಯಿಂದ
ಮಹಾಲಕ್ಷ್ಮಿ ಬಂದಾಗ ಮೂರು ಸೆಕೆಂಡು ಹಸಿರು.
ಓಡುವುದಕ್ಕೆಂದೇ ಬಿಟ್ಟ ನೆಲ.
ಅಷ್ಟೊಂದು ನೆಲ!
ಆಮೇಲೆ ಮತ್ತೆ ಕಂಕುಳು.

ಅತ್ತೆ ರಾತ್ರಿ ಹಲ್ಲು ತೆಗೆದು ಬಟ್ಟಲಲ್ಲಿ ಹಾಕುತ್ತಾರೆ.
ನಾನೇ ಕಟ್ಟಿದ ಸೆಟ್ಟು, ಎಂಟು ವರ್ಷವಾಯಿತು.
ಆ ರಾತ್ರಿ ನನ್ನ ಅರೆಬರೆ ಕುದುರೆಯನ್ನು ಎತ್ತಿ
ಬಾಯಿ ನೋಡಿದರು.
ದಾನಕ್ಕೆ ಬಂದ ಆಕಳದು ಎಣಿಸಬಾರದು,
ಸೊಸೆ ಮಾಡಿದ ಕುದುರೆಯದು ಎಣಿಸಬಹುದೇನೋ.
“ಇದಕ್ಕೂ ಇನ್ನ ಹಲ್ಲಿಲ್ಲಲ್ಲವಾ,” ಅಂದು
ತಮ್ಮ ದಿಂಬಿನ ಪಕ್ಕ ಮಲಗಿಸಿಕೊಂಡರು.

ಮರುದಿನ ಲ್ಯಾಬಿನಿಂದ ಬಂದರೆ ಮನೆ ತುಂಬ ಸ್ಟೀಲು.
ಅಕ್ಕಲಕೋಟೆಯಿಂದ ಬಂದ ಟ್ರಂಕು, ಕೀಲಿ ಸೊಂಟ ಬಿಟ್ಟದ್ದೇ ಇಲ್ಲ,
ಇವತ್ತು ಬಾಯ್ತೆರೆದು ಮಂಚದ ಕೆಳಗಿಂದ ಹೊರಗೆ:
ಮೂರು ಕೊಡ, ಇಪ್ಪತ್ತೆರಡು ಲೋಟ,
ಒಂದೊಂದರ ಮೇಲೂ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು, ತಾರೀಖು.
ದಾಕ್ಷಿಯ ಮದುವೆಗೆಂದು ಕೂಡಿಟ್ಟದ್ದು.

“ತುಂಬು, ನಿನ್ನ ಕುದುರಿ ಸಾಮಾನ.”
“ಮತ್ತೆ ಇವು?”
“ಚಾ ಕುಡಿಯೂದು. ಹುಡುಗಿ ಲಗ್ನ ಆಗಂಗಿಲ್ಲಂತ. ಹೇಳ್ಯಾಳ.”
ನನಗೆ ಹೇಳಿರಲಿಲ್ಲ.

ಮೇಣ ತುಂಬಿದೆ, ತಂತಿ ತುಂಬಿದೆ,
ಕೂದಲಿನ ಪೊಟ್ಟಣವನ್ನು ಸ್ವಲ್ಪ ಹೊತ್ತು
ಕೈಯಲ್ಲೇ ಹಿಡಿದುಕೊಂಡು ಆಮೇಲೆ ತುಂಬಿದೆ.
ಒಳಗೆ ಡಾಂಬರುಗುಳಿಗೆಯ ವಾಸನೆ. ತೇವ ಇಲ್ಲ.

ಈಗ ನಾವು ಚಹಾ ಕುಡಿಯುವುದು
ಶಿವಮೂರ್ತೆಪ್ಪ ಮತ್ತು ಬಂಧುಗಳು, ೧೧-೫-೧೯೯೪ರಲ್ಲಿ.
ದಾಕ್ಷಿ ತನ್ನ ಲೋಟದ ಹೆಸರು ಗಟ್ಟಿಯಾಗಿ ಓದಿ ನಗುತ್ತಾಳೆ.
ನಾನು ಏನೂ ಕೇಳಿಲ್ಲ.

ಪ್ಲಾಸ್ಟರಿನ ಚೀಲ ಟ್ರಂಕಿನಲ್ಲಿ ಹಿಡಿಯಲಿಲ್ಲ.
ಬಾಗಿಲ ಹಿಂದೆ ಅಲ್ಲೇ ಇದೆ.
ರಾತ್ರಿ ಗುರುಸಿದ್ಧ ಅದನ್ನು ದಾಟುತ್ತಾನೆ,
ದೀಪ ಹಾಕದೆ,
ಒಂದೊಂದೇ ಮೊಣಕಾಲು ಎತ್ತರಕ್ಕೆತ್ತಿ,
ಕುದುರೆಯ ಹಾಗೆ.