ಪಟ್ಟಿಯ ಕೆಳಗಿನ ಬಣ್ಣ

ಫಿಯೆಟ್ಟು ತಳ್ಳಿಸಿಕೊಂಡೇ ಬಂತು ನನ್ನ ಅಂಗಡಿಗೆ,
ಹಿಂದೆ ಮಂಡಕ್ಕಿ ಭಟ್ಟಿಯ ಇಬ್ಬರು ಹುಡುಗರು,
ಕಿಟಕಿಯೊಳಗೆ ಕೈಹಾಕಿ ಸ್ಟೇರಿಂಗು ತಿರುಗಿಸುತ್ತ
ಪಕ್ಕದಲ್ಲೇ ನಡೆಯುತ್ತ ಗುರುಸಿದ್ದಪ್ಪ.
"ಇಂಜಿನ್ನು ಆಮೇಲೆ, ಹುಸೇನಮ್ಮ.
ಮೊದಲು ಒಳಗಿನದು ಆಗಲಿ."

ಬಣ್ಣ?
"ಬೆಣ್ಣೆ ಬಣ್ಣ. ಮೊದಲು ಹಂಗೇ ಇತ್ತು.
ಕಣ್ಣಾರೆ ಕಂಡಿದೀನಿ."

ಈಗ ಅದಕ್ಕೆ ಬಣ್ಣವೆಂಬುದೇ ಇರಲಿಲ್ಲ.
ಸೋಸಿ ಬಿಸಾಡಿದ ಚಹಾಪುಡಿ, ಅಷ್ಟೆ.
ಚಾವಣಿಯ ಬಟ್ಟೆ ಜೋತುಬಿದ್ದು
ಒಳಗೆ ಬಗ್ಗಿದವರ ತಲೆ ಸವರುತ್ತಿತ್ತು.
ಬಾಗಿಲ ಒಳಹಲಗೆ ಎಷ್ಟೋ ಮಳೆ ಕುಡಿದು
ಹಪ್ಪಳದ ಹಾಗೆ ಎದ್ದಿತ್ತು.

ನಮ್ಮದು ಪಿಂಜಾರರ ಮನೆ.
ಹತ್ತಿ ಹಿಂಜುವ ಬಿಲ್ಲು ಹೊತ್ತು ಓಣಿ ಓಣಿ ತಿರುಗಿದ ಅಪ್ಪ
ಊರಿನ ಹಾಸಿಗೆಗಳೆಲ್ಲ ಫೋಮಾದ ಮೇಲೆ
ಲಾರಿ ಸೀಟಿಗೆ ಬಂದ.
ಹೇಳಿಕೊಟ್ಟದ್ದು ಒಂದೇ ಮಾತು:
ಹೊಲಿಯೋದು ಯಾರಾದ್ರೂ ಕಲೀತಾರೆ,
ನೀನು ಬಿಚ್ಚೋದು ಕಲಿ.

ಬಿಚ್ಚಿದೆ.
ಹಿಂದಿನ ಸೀಟು ಸವೆದೇ ಇಲ್ಲ,
ಬಿಸಿಲು ತಿಂದಿದೆ, ಮೈ ತಿಂದಿಲ್ಲ.
ಮುಂದಿನದರ ಬಲ ಅಂಚು ಮಾತ್ರ
ಹರಿದು, ನಾರು ಹೊರಗೆ ಬಂದು,
ಸ್ಪ್ರಿಂಗಿನ ಕೊಂಡಿ ಕಾಣುತ್ತಿತ್ತು.
ಇಲ್ಲಿ ಕೂತವನು ಓಡಿಸಿದ್ದಕ್ಕಿಂತ ಇಳಿದದ್ದೇ ಜಾಸ್ತಿ
ಅಂದೆ ಸುಮ್ಮನೆ, ಮೊಳೆ ಕಚ್ಚಿಕೊಂಡೇ.

"ನಮ್ಮಪ್ಪ," ಅಂದರು ಗುರುಸಿದ್ದಪ್ಪ.
"ಮಿಲ್ಲಿನ ಸಾಹುಕಾರರ ಡ್ರೈವರ್.
ಇಳಿಯೋದು, ಹಿಂದಿನ ಬಾಗಿಲು ತೆಗೆಯೋದು,
ಹಾಕೋದು, ಮತ್ತೆ ಹತ್ತೋದು.
ನಾನು ಸಂಜೆ ಬುತ್ತಿ ಒಯ್ದು ಗೇಟಿನ ಹತ್ರ ನಿಲ್ತಿದ್ದೆ,
ಗಾಜಿಗೆ ಮೂಗು ಹಚ್ಚಿ.
ಒಳಗೆ ಒಂದಿನಾನೂ ಕೂತಿಲ್ಲ."

ಬಾಗಿಲಿಗೆ ಅಡ್ಡ ಹೊಡೆದ ಹೊಳಪಿನ ಪಟ್ಟಿ.
ಕೊನೆಯ ಕ್ಲಿಪ್ಪು ತುಕ್ಕು ಹಿಡಿದು ಬರಲೊಲ್ಲದು.
ಸೀಮೆಎಣ್ಣೆ ಬಿಟ್ಟು ಕಾದೆ. ಬಂತು.
ಅದರಡಿಯಲ್ಲಿ, ಬೆರಳಗಲ,
ಬಿಸಿಲನ್ನೇ ನೋಡದ ರೆಕ್ಸಿನ್ನು,
ಅಗಸೆ ಹೂವಿನ ನೀಲಿ.

ತೋರಿಸಬಾರದಿತ್ತೇನೋ.
ಕನ್ನಡಕ ಒರೆಸಿಕೊಂಡು ನೋಡಿದರು,
ಉಗುರಲ್ಲಿ ಕೆರೆದರು.
"ಯಾರೋ ಆಮೇಲೆ ಹಾಕಿಸಿದ್ದು."
ಇಲ್ಲ ಯಜಮಾನ್ರೆ, ಕಾರ್ಖಾನೆಯ ಹೊಲಿಗೆ,
ಸೂಜಿ ಒಂದೇ ಸಲ ಹೊಕ್ಕಿದೆ, ನೋಡಿ.
"ಹಂಗಾದ್ರೆ ನನ್ನ ಕಣ್ಣು ಸುಳ್ಳಾ?"
ಗೇಟಿನ ದೀಪ ಯಾವ ಬಣ್ಣದ್ದಿತ್ತು, ಕೇಳಿದೆ.

ಉತ್ತರ ಬರಲಿಲ್ಲ.
ಅರಳಿಮರದ ಸರ್ಕಲ್ಲಿನ ತನಕ ನಡೆದು ಹೋಗಿ
ಚಹಾ ಕುಡಿದರೋ ಬಿಟ್ಟರೋ,
ಮಧ್ಯಾಹ್ನದ ಹೊತ್ತಿಗೆ ಬಂದರು.
"ಹಳದಿ" ಅಂದರು ನಿಂತಲ್ಲೇ.
"ಒಂದ್ ಕೆಲಸ ಮಾಡು.
ಮುಂದಿನದು ನೀಲಿ, ಅಪ್ಪ ಕೂತಂಗೆ.
ಹಿಂದಿನದು ಬೆಣ್ಣೆ, ನಾ ಕಂಡಂಗೆ."

ಅಂಥ ಕಾರನ್ನು ಯಾವ ಕಾರ್ಖಾನೆಯೂ ಮಾಡಿರಲಿಕ್ಕಿಲ್ಲ.
ಪಕ್ಕದ ಟಿಂಕರಿಂಗಿನವನು ನಕ್ಕ, ನಾನೂ ನಕ್ಕೆ,
ಆಮೇಲೆ ಮೂರು ವಾರ ನಗಲು ಪುರಸೊತ್ತಿರಲಿಲ್ಲ.
ನೀಲಿಗೆ ಹುಬ್ಬಳ್ಳಿಯ ತನಕ ಹುಡುಕಾಟ.
ಸಿಕ್ಕಿದ್ದು ಒಂದು ಕಣ ಗಾಢ.
ಹಳೆಯ ಹಲಗೆಯನ್ನೇ ಅಳತೆಗಿಟ್ಟು ಹೊಸದು ಕತ್ತರಿಸಿದೆ,
ಚಾವಣಿಯ ಬಟ್ಟೆ ಒದ್ದೆಗೈಯಲ್ಲಿ ಎಳೆದೆಳೆದು
ಸುಕ್ಕು ಮೂಲೆಗೆ ಓಡಿಸಿದೆ.
ಬಲ ಅಂಚಿಗೆ ಎರಡು ಹೊಲಿಗೆ,
ಫೋಮಿನ ಮೇಲೆ ಒಂದು ಪದರ ಹಿಂಜಿದ ಹತ್ತಿ.
ಅದನ್ನು ಹಿಂಜಿದ್ದು ಅಪ್ಪನ ಬಿಲ್ಲು,
ನಾನು ಕೊಟ್ಟ ಬಿಲ್ಲಿನಲ್ಲಿ ಬರೆಯಲಿಲ್ಲ.

ಇನ್ನೂ ಎಂಟುನೂರು ಬಾಕಿ ಅವರದು.

ಇಂಜಿನ್ನು ಮಾತಾಡಿದ ದಿನ
ಪಿ.ಬಿ. ರೋಡಿನಲ್ಲಿ ನನ್ನ ಅಂಗಡಿ ದಾಟಿ ಹೋದರು,
ಹಾರ್ನು ಹೊಡೆಯಲಿಲ್ಲ.
ಸ್ವಲ್ಪ ಮುಂದೆ, ಗೊಬ್ಬರದಂಗಡಿಯ ಎದುರು ನಿಲ್ಲಿಸಿ
ಇಳಿದರು, ಸುತ್ತಿ ಬಂದರು,
ಹಿಂದಿನ ಬಾಗಿಲು ತೆಗೆದು
ಹಿಡಿದುಕೊಂಡು ನಿಂತರು ಒಂದು ಗಳಿಗೆ.
ಹಾಕಿದರು. ಹತ್ತಿದರು. ಹೋದರು.

ಬಾಗಿಲು ಸರಿಯಾಗಿ ಬಿದ್ದಿಲ್ಲವೇನೋ, ಅಂದ ಟಿಂಕರಿಂಗಿನವನು.
ನಾನು ಕೂರಿಸಿದ ಬಾಗಿಲು,
ಸರಿಯಾಗೇ ಬೀಳುತ್ತೆ.