ಒಂದು ಗಂಟು ನೀಲಿ

ಮೊದಲು ಜಗಳ ಆದದ್ದು ನೂಲಿಗೆ.
ನೇರಳೆ ಹಾಕಬೇಕಾದಲ್ಲಿ ನೀಲಿ ಹಾಕಿದ್ದಳು ಲೋಶಾ,
ಮದುವೆಯ ಹೊದಿಕೆಗೆ, ಇಡೀ ಬಲಗಡೆಯ ಅಂಚಿಗೆ.
ಹುಡುಗಿಯ ಕಡೆಯವರು ಮಡಿಸಿ ತಂದು
ಹೊಸ್ತಿಲ ಮೇಲಿಟ್ಟು ಹೋದರು, ಕಾಫಿಯನ್ನೂ ಮುಟ್ಟದೆ.
‘ಡಬ್ಬಿ ಅದಲುಬದಲು ಮಾಡಿದ್ದು ನೀನೇ’ ಅಂದಳು.
ನಾನೂ ಬಿಡಲಿಲ್ಲ:
‘ಕೆಲಸದ ಮೇಲೆ ಕಣ್ಣಿರಲಿ.’
ಹೊಲಿಗೆಯಾಗಿದ್ದರೆ ಬಿಚ್ಚಬಹುದಿತ್ತು.

ನಲವತ್ತೊಂದು ನನ್ನ ಅಕ್ಕನಿಗೆ.
ಸಿನಾಕಾಂತಾನಿನ ಈ ಓಣಿಯಲ್ಲಿ
ಅವಳಷ್ಟು ಸಣ್ಣ ಎಲೆ ಹೊಲಿದವರಿಲ್ಲ.
ಎಲೆಯ ನರವನ್ನು ಒಂದೇ ಎಳೆಯಲ್ಲಿ ತರುವವಳು
ಸೂಜಿಯನ್ನು ಕಿಟಕಿಗೆ ಹಿಡಿದು,
ನೂಲಿನ ತುದಿ ನೆಕ್ಕಿ ನೆಕ್ಕಿ, ಸೋತು
ನನ್ನ ಮಗನ ಕೈಗೆ ಕೊಡುತ್ತಿದ್ದಳಂತೆ:
‘ಪೋಣಿಸು. ನಿಮ್ಮಮ್ಮನಿಗೆ ಹೇಳಬೇಡ.’

ಪೇಟೆಯ ಅಂಗಡಿಯವನು ಕನ್ನಡಕ ಕೊಟ್ಟ.
ಸೋಮವಾರ ಹೊಂದಿತು, ಗುರುವಾರ ಹೊಂದಲಿಲ್ಲ,
ಭಾನುವಾರ ಮತ್ತೆ ಸರಿಹೋಯಿತು.
ಕನ್ನಡಕಕ್ಕೂ ಮುನಿಸು ಬರುತ್ತದಾ
ಎಂದು ನಕ್ಕೆವು, ಇಬ್ಬರೂ, ಬಹಳ ಹೊತ್ತು.

ನಾಡಿ ಹಿಡಿಯುವ ಅನ್ಸೆಲ್ಮೊ ಕೇಳಿದ:
ಎಲ್ಲಿ ಬೆಚ್ಚಿಬಿದ್ದೆ?
ಹೋದ ವರ್ಷ ವ್ಯಾನು ಮಗುಚಿದ ಹಳ್ಳ ನೆನಪಾಯಿತು ಅವಳಿಗೆ.
ಜೀವದ ಒಂದು ಚೂರು ಅಲ್ಲೇ ಉಳಿದಿದೆ, ಕರೆತರಬೇಕು.
ಹೋದೆವು. ಪೈನ್ ಎಲೆ ಹಾಸಿ, ಮೇಣದ ಬತ್ತಿ ಹಚ್ಚಿ,
ಕೋಳಿ, ಮೂರು ಬಾಟಲಿ ಕೋಲಾ ಇಟ್ಟು
ಅವಳ ಹೆಸರನ್ನೇ ಅವಳಿಗಾಗಿ ಕೂಗಿದೆವು.
ಮಿಕ್ಕ ಕೋಲಾ ದಾರಿಯುದ್ದಕ್ಕೂ ಕುಡಿದಳು.
ಬಾಯಾರಿಕೆ, ಬಾಯಾರಿಕೆ ಅಂದಳು.
ಬಿಸಿಲು ಅಂದುಕೊಂಡೆವು.

ಹಿತ್ತಲ ಪಾಯಖಾನೆಗೆ ಇರುವೆ ಮುತ್ತಿದ್ದೂ ಆಗಲೇ.
ಅವಳು ಎದ್ದುಬಂದ ಮೇಲೆ ಸಾಲುಗಟ್ಟಿ ಬರುತ್ತಿದ್ದವು.
ನಾನು ಬೂದಿ ಸುರಿದೆ, ಸೀಮೆಎಣ್ಣೆ ಸುರಿದೆ, ಬೈದೆ.
ಬೆಲ್ಲವಿದ್ದಲ್ಲಿ ಇರುವೆ,
ಅಷ್ಟೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಅಂದಳು:
‘ಯಾರೋ ಕಪ್ಪು ನೂಲು ಚೆಲ್ಲಿದ್ದಾರೆ, ಎತ್ತು.’
ನೆಲದಲ್ಲಿ ನೂಲಿರಲಿಲ್ಲ.
‘ಅಗೋ, ಈಗ ಗೋಡೆಯ ಮೇಲೆ.’
ಗೋಡೆಯ ಮೇಲೂ ಇರಲಿಲ್ಲ.
ಅವಳು ನೋಡಿದಲ್ಲೆಲ್ಲ ಅದು ತೇಲಿಹೋಗುತ್ತಿತ್ತು,
ಗಂಟಿಲ್ಲದ, ತುದಿಯಿಲ್ಲದ, ಹಿಡಿಯಲು ಬಾರದ ಎಳೆ.

ಚಿಕಿತ್ಸಾಲಯದಲ್ಲಿ ಯುರಿದಿಯಾ ಎಂಬ ಎಳೆ ವೈದ್ಯೆ,
ಸೇವೆಯ ವರ್ಷ ಕಳೆಯಲು ಬಂದವಳು,
ಕಣ್ಣು ಬಿಟ್ಟು ಬೆರಳು ಕೇಳಿದಳು.
ಸೂಜಿಯ ಜೊತೆಗೇ ಬೆಳೆದ ಬೆರಳು. ಅಲುಗಲಿಲ್ಲ.
ಒಂದು ಹನಿ. ನಾನೂರ ಹನ್ನೆರಡು.
ದಾರದುಂಡೆಯ ಲೆಕ್ಕ ಬಲ್ಲೆವು ನಾವು,
ಇದು ಹೆಚ್ಚೋ ಕಮ್ಮಿಯೋ ಅವಳ ಮುಖ ನೋಡಿ ತಿಳಿದೆವು.
‘ಕಣ್ಣು ಮಂಜಾದದ್ದೂ ಈ ಸಕ್ಕರೆಯಿಂದಲೇನಾ?’
‘ಇರಬಹುದು. ಎಷ್ಟು ವರ್ಷದಿಂದ ಇತ್ತೋ.
ತುಸ್ತ್ಲಾದಲ್ಲಿ ಕಣ್ಣಿನ ಒಳಗನ್ನು ನೋಡಿಸಬೇಕು.’
ಸ್ಪ್ಯಾನಿಶ್ಶಿನ ಆ ಇರಬಹುದನ್ನು
ನಮ್ಮ ಮಾತಿಗೆ ತಂದು ಅಕ್ಕನ ಕಿವಿಯಲ್ಲಿಟ್ಟೆ.
ಅವಳು ಕೇಳಿದ್ದು ಬೇರೆ:
‘ಹಾಗಾದರೆ ಹಳ್ಳದಲ್ಲುಳಿದ ಚೂರು?’
ವೈದ್ಯೆ ನಗಲಿಲ್ಲ. ಅದಕ್ಕಾಗಿ ನಾನು ಅವಳಿಗೆ ಋಣಿ.

ತುಸ್ತ್ಲಾದ ಸರದಿ ಬರಲು ಇನ್ನು ಹನ್ನೊಂದು ದಿನ.
ಮಾತ್ರೆ ಇದೆ. ಕೋಲಾ ಇಲ್ಲ. ಇರುವೆಯೂ ಕಮ್ಮಿ.
ಸಂಜೆ ಕೂತು ನೂಲಿನ ತುದಿಗಳಿಗೆ ಗಂಟು ಹಾಕುತ್ತೇನೆ:
ಒಂದು ಗಂಟು ನೀಲಿ, ಎರಡು ನೇರಳೆ,
ಗಂಟಿಲ್ಲದ್ದು ಹಸಿರು.
ಹಿಂದಿರುಗಿ ಬಂದ ಹೊದಿಕೆಯನ್ನು
ಮಡಿಲಲ್ಲಿ ಹರಡಿಕೊಂಡು
ಆ ತಪ್ಪಿದ ಅಂಚನ್ನು ಬೆರಳಲ್ಲಿ ಓದುತ್ತಾಳೆ.
‘ಹೊಲಿಗೆಯೇನೂ ಕೆಟ್ಟಿಲ್ಲ.’
ಹೌದು, ಕೆಟ್ಟಿಲ್ಲ.
‘ಡಬ್ಬಿ ನಿಜವಾಗಿ ನೀನು ಅದಲುಬದಲು ಮಾಡಲಿಲ್ಲವಾ?’
ಇಲ್ಲ ಅಕ್ಕ.
‘ಹ್ಞೂಂ’ ಅನ್ನುತ್ತಾಳೆ, ‘ಇರಬಹುದು.’